ಸಂಕಲ್ಪದಲ್ಲಿ ಮೂರು ಹೆಸರು

ಮನೆಯಲ್ಲಿ ಹಿರಿಯರು ತೀರಿಕೊಂಡರೆ ವರ್ಷಾಂತಿಕ ಮುಗಿಯುವ ತನಕ ಹಬ್ಬ ಮಾಡದಿರುವುದು, ವರ್ಷ ಕಳೆದ ಮೇಲೆ ಗೋಕರ್ಣಕ್ಕೆ ಹೋಗಿ ಕೋಟಿತೀರ್ಥದಲ್ಲಿ ಮಿಂದು, ಪಿತೃಕಾರ್ಯ ಮುಗಿಸಿ, ಮಹಾಬಲೇಶ್ವರನ ದರ್ಶನ ಪಡೆಯುವುದು ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ಅಜ್ಜಿ ಹೋದ ವರ್ಷ ಚೌತಿಗೆ ಚಕ್ಕುಲಿ ಸುಡಲಿಲ್ಲ, ದೀಪಾವಳಿಗೆ ಬಲೀಂದ್ರನನ್ನು ಕೂರಿಸಲಿಲ್ಲ. ಅವಳನ್ನು ಅಪ್ಪ ಆಯಿ ಎಂದು ಕರೆಯುತ್ತಿದ್ದ, ನಾವು ಅಜ್ಜಿ ಎನ್ನುತ್ತಿದ್ದೆವು. ಸಾವಿನ ಕರ್ಮಗಳಲ್ಲಿ ಮಾತ್ರ ಅವಳು ಇನ್ನೊಬ್ಬಳ ಸೊಸೆಯೂ ಆಗಿ ನಿಲ್ಲುತ್ತಾಳೆಂಬುದು ನನ್ನ ಗಮನಕ್ಕೆ ಬಂದದ್ದು, ತೀರಿಕೊಂಡವರನ್ನು ಪಿತೃಗಳ ಸಾಲಿಗೆ ಸೇರಿಸುವ ಸಪಿಂಡೀಕರಣದ ದಿನ.

ಅಂದು ಅಪ್ಪ ಅಜ್ಜಿಯ ಹೆಸರಿನ ಉದ್ದನೆಯ ಪಿಂಡವನ್ನು ದರ್ಭೆಯಿಂದ ಮೂರು ಭಾಗ ಮಾಡಿ, ಅವಳ ಅತ್ತೆ, ಅತ್ತೆಯ ಅತ್ತೆ, ಆಕೆಯ ಅತ್ತೆ ಎಂಬ ಮೂವರ ಪಿಂಡಗಳಲ್ಲಿ ಒಂದೊಂದು ಭಾಗವನ್ನು ಸೇರಿಸಿ, ಗುರುತು ಉಳಿಯದಂತೆ ನಿಧಾನವಾಗಿ ಉಂಡೆ ಕಟ್ಟಿದ. ಸಮಾನರೂ ಸಮಾನ ಮನಸ್ಕರೂ ಆದ ಪಿತೃಗಳೆಂಬ ಅರ್ಥದ ಮಂತ್ರ ಅಲ್ಲಿ ಬರುತ್ತದೆ. ದುಃಖದ ನಡುವೆಯೂ ನನಗೆ ನಗು ಬಂತೆಂದರೆ ತಪ್ಪಾಗದು, ಏಕೆಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯ ಭರಣಿಗೆ ಎಷ್ಟು ಉಪ್ಪು ಬೀಳಬೇಕೆಂಬ ಒಂದೇ ವಿಷಯದಲ್ಲಿ ಅತ್ತೆ-ಸೊಸೆಯರ ಮನಸ್ಸು ಎಂದೂ ಸಮಾನವಾಗಿರಲಿಲ್ಲವಂತೆ. ಅತ್ತೆ ಮಲಗಿದ ಮೇಲೆ ಅಜ್ಜಿ ಭರಣಿಯ ಬಾಯಿಬಟ್ಟೆ ಬಿಚ್ಚಿ ಇನ್ನೊಂದು ಬೊಗಸೆ ಉಪ್ಪು ಸುರಿಯುತ್ತಿದ್ದಳು. ಆ ಮಿಡಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹೊಗಳಿಕೆ ಮಾತ್ರ ಅತ್ತೆಗೆ ಹೋಗುತ್ತಿತ್ತು. ಹೀಗೆ ಒಂದೇ ಒಲೆಯ ಮುಂದೆ ಬಾಳು ಸವೆಸಿದ ಇಬ್ಬರನ್ನು ಒಂದೇ ಅನ್ನದ ಮುದ್ದೆಯಲ್ಲಿ ಕೂಡಿಸುವ ಶಾಸ್ತ್ರಕ್ಕೆ ಅಡುಗೆಮನೆಯ ಒಳಹೊರಗು ಚೆನ್ನಾಗಿಯೇ ತಿಳಿದಿದೆ ಎನ್ನಿಸುತ್ತದೆ.

ಗೋಕರ್ಣದಲ್ಲಿ ಕೋಟಿತೀರ್ಥದ ದಡದಲ್ಲಿ ಕುಳಿತು ಎಳ್ಳುನೀರು ಬಿಡುವಾಗ ಅಪ್ಪ ತನ್ನ ತಾಯಿಯನ್ನು ವಸುರೂಪಳೆಂದು, ತನ್ನ ಅಜ್ಜಿಯನ್ನು ರುದ್ರರೂಪಳೆಂದು, ತನ್ನ ಮುತ್ತಜ್ಜಿಯನ್ನು ಆದಿತ್ಯರೂಪಳೆಂದು ಕರೆದ. ಸಂಕಲ್ಪದಲ್ಲಿ ಬರುವುದು ಮೂರೇ ಹೆಸರು. ಹೊಸಬಳೊಬ್ಬಳು ಬಂದು ಸೇರಿದರೆ ಎಲ್ಲಕ್ಕಿಂತ ಹಿಂದಿನವಳು ಸಾಲಿನಿಂದ ಸರಿಯಲೇಬೇಕು. ಸರಿದವರಿಗೆ ಸಲ್ಲುವುದು ಪಿಂಡವಿಟ್ಟ ಕೈಗೆ ಅಂಟಿದ ಅನ್ನದ ಲೇಪ; ಕರ್ತೃ ಅದನ್ನು ದರ್ಭೆಗೆ ಒರೆಸುತ್ತಾನೆ. ಹೆಸರು ಹೇಳದಿದ್ದರೂ ಪಾಲು ತಪ್ಪಿಸದ ಈ ಏರ್ಪಾಡು ಪಿತೃಕಾರ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಬಳಿಕ ಪದ್ಧತಿಯಂತೆ ಮೊದಲು ಮಹಾಗಣಪತಿಗೆ ಕೈಮುಗಿದು ಮಹಾಬಲೇಶ್ವರನ ಗರ್ಭಗುಡಿಗೆ ಹೋದೆವು. ಅಲ್ಲಿಯ ಆತ್ಮಲಿಂಗ ಕಣ್ಣಿಗೆ ಕಾಣುವಂಥದ್ದಲ್ಲ. ಲಿಂಗ-ಪೀಠಗಳ ಬೆಸುಗೆಯನ್ನು ಹೊಸದಾಗಿ ಮಾಡುವ, ಸುಮಾರು 40 ವರ್ಷಗಳಿಗೊಮ್ಮೆ ನಡೆಯುವ ಅಷ್ಟಬಂಧದ ಹೊತ್ತನ್ನು ಬಿಟ್ಟರೆ ಪೀಠದ ರಂಧ್ರದೊಳಗೆ ಕೈಯಿಳಿಸಿ ಬೆರಳ ತುದಿಯಿಂದಲೇ ಅದನ್ನು ಅರಿಯಬೇಕು. ಕಣ್ಣು ಮಂಜಾದ ಮೇಲೂ ಮಿಡಿಯನ್ನು ಹೆಬ್ಬೆರಳಿಂದ ಒತ್ತಿ ಗೊರಟು ಬಲಿತಿದೆಯೋ ಇಲ್ಲವೋ ಎಂದು ಹೇಳುತ್ತಿದ್ದ ಅಜ್ಜಿ ಈ ದೇವರಿಗೆ ಹೆಚ್ಚು ನಡೆದುಕೊಳ್ಳುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ನೀರಿನೊಳಗೆ ನನ್ನ ಬೆರಳಿಗೆ ತಾಗಿದ ಕಲ್ಲು ತಣ್ಣಗೆ, ನುಣುಪಾಗಿತ್ತು. ಏನು ಬೇಡಿಕೊಳ್ಳಬೇಕೆಂದು ತೋಚುವಷ್ಟರಲ್ಲಿ ಹಿಂದಿನವರಿಗೆ ಜಾಗ ಬಿಡಬೇಕಾಯಿತು.

ಮರಳುವಾಗ ದೇವಿಮನೆ ಘಟ್ಟದಲ್ಲಿ, ಸಾಲಿನಿಂದ ಸರಿದ ಆ ಹಿರಿಯಳ ಬಗ್ಗೆ ಅಪ್ಪನನ್ನು ಕೇಳಿದೆ. ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದವಳು, ಹೊಳೆಯಂಚಿನ ಮಿಡಿಮಾವಿನ ಮರ ಅವಳು ಬೆಳೆಸಿದ್ದು ಎಂದು ಆಯಿ ಹೇಳುತ್ತಿದ್ದಳು ಎಂದ. ಅವಳ ಹೆಸರನ್ನು ಪಂಚಾಂಗದ ಹಿಂದೆ ಬರೆದಿಡುತ್ತೇನೆ ಎಂದಾಗ, ಪಂಚಾಂಗ ಯುಗಾದಿಗೆ ಬದಲಾಗುತ್ತದೆ, ಶ್ರಾದ್ಧದ ತಿಥಿಗಳಿರುವ ಹಳೆಯ ವಹಿಯಲ್ಲೇ ಬರೆ, ಆಯಿಯದನ್ನೂ ಇನ್ನೂ ಬರೆದಿಲ್ಲ ಎಂದ.