ಕಾರಿನಲ್ಲಿ ಮರೆತ ಟಿಪ್ಪೆಟ್

ಕಳೆದ ಏಪ್ರಿಲ್‌ನಲ್ಲಿ ಮಾವನ ತೋಟದ ಕೃಷಿ ಹೊಂಡದಲ್ಲಿ ಒಂದು ಹುಲ್ಲುಗೆಂಡೆ ನನ್ನ ದಾರ ಕಿತ್ತುಕೊಂಡು ಹೋಯಿತು. ತೀರಾ ದೊಡ್ಡ ಮೀನೇನಲ್ಲ, ಎರಡೂವರೆ ಕೆಜಿ ಇದ್ದಿರಬಹುದು. ಮಾವನ ಊರು ಕನಕಪುರದ ಹತ್ತಿರ, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಮೇಯ್ದು ಉಳಿದ ಹಿಪ್ಪುನೇರಳೆ ಸೊಪ್ಪನ್ನು ಅತ್ತೆ ದಿನಾ ಬೆಳಿಗ್ಗೆ ಹೊಂಡಕ್ಕೆ ಎಸೆಯುತ್ತಾರೆ. ಅದನ್ನು ತಿನ್ನಲು ಹುಲ್ಲುಗೆಂಡೆಗಳು ಮೇಲೆ ಬರುತ್ತವೆ. ಹಸಿರು ಫೋಮ್ ಹಾಳೆ ಕತ್ತರಿಸಿ, ಎಲೆಯ ತುಂಡಿನ ಹಾಗೆ ಕಾಣುವ ಒಂದು ಫ್ಲೈ, ಅಂದರೆ ಮೀನಿನ ಆಹಾರದ ಹಾಗೆ ಕಾಣುವ ಹಗುರ ಕೊಕ್ಕೆ, ಮಾಡಿಕೊಂಡು ಹೋಗಿದ್ದೆ. ಬೆಂಗಳೂರಿನಿಂದ ಬೆಳಗಿನ ಐದಕ್ಕೇ ಹೊರಟು, ಸೊಪ್ಪು ಬೀಳುವ ಹೊತ್ತಿಗೆ ಸರಿಯಾಗಿ ಹೊಂಡದ ದಡದಲ್ಲಿದ್ದೆ.

ಮೀನು ಮೆಲ್ಲಗೆ ಬಂದು ಫ್ಲೈ ಬಾಯಿಗೆ ಹಾಕಿಕೊಂಡಿತು. ರಾಡ್ ಎತ್ತಿದೆ. ಎರಡು ಕ್ಷಣ ಭಾರ ಗೊತ್ತಾಯಿತು, ಆಮೇಲೆ ಏನೂ ಇಲ್ಲ.

ದಾರದ ತುದಿ ಕೈಗೆ ತೆಗೆದುಕೊಂಡು ನೋಡಿದೆ. ಗಂಟು ಜಾರಿ ಬಿಚ್ಚಿಕೊಂಡಿದ್ದರೆ ತುದಿ ಹಂದಿಮರಿಯ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಇದು ನೇರವಾಗಿತ್ತು. ಅಂದರೆ ಗಂಟಿನ ತಪ್ಪಲ್ಲ, ದಾರವೇ ತುಂಡಾಗಿದೆ. ಸ್ಪೂಲಿನಿಂದ ಒಂದು ಮೊಳ ಎಳೆದು ಎರಡು ಕೈಯಲ್ಲಿ ಜಗ್ಗಿದೆ, ಒಣಗಿದ ಬಾಳೆನಾರಿನ ಹಾಗೆ ಪಟ್ ಅಂತ ಹೋಯಿತು. 3ಎಕ್ಸ್ ಅಳತೆಯ ನೈಲಾನ್ ಟಿಪ್ಪೆಟ್ ಅದು, ಕೊಕ್ಕೆ ಕಟ್ಟುವ ಸಣ್ಣ ದಾರ. ಹೊಸದಿದ್ದಾಗ ಮೂರೂವರೆ ಕೆಜಿಗಿಂತ ಜಾಸ್ತಿ ತಡೆಯಬೇಕು. ಆಗ ನೆನಪಾಯಿತು, ಹಿಂದಿನ ಬೇಸಿಗೆಯಿಂದ ಆ ಸ್ಪೂಲ್ ಕಾರಿನ ಹಿಂದಿನ ಗಾಜಿನ ಕೆಳಗೆ ಬಿದ್ದುಕೊಂಡಿತ್ತು. ಒಂದು ಇಡೀ ವರ್ಷದ ಬಿಸಿಲು ಅದರ ಮೇಲೆ ಬಿದ್ದಿದೆ.

ಮೀನು ತಪ್ಪಿಸಿಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ. ಮೀನು ತಪ್ಪಿಸಿಕೊಳ್ಳುತ್ತದೆ, ಅದು ಇದ್ದದ್ದೇ. ಆದರೆ ಅದು ಬಾಯಲ್ಲಿ ಕೊಕ್ಕೆ, ಕೊಕ್ಕೆಯ ಹಿಂದೆ ಒಂದು ಅಡಿ ದಾರ ಹೊತ್ತುಕೊಂಡು ಹೋಯಿತಲ್ಲ, ಅದು ಇಡೀ ದಿನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ನಾನು ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತೇನೆ, ಹಾಗಾಗಿ ಉದುರಿಹೋಗುವ ಸಾಧ್ಯತೆ ಹೆಚ್ಚು. ಆದರೂ ಆ ದಾರ ಗಟ್ಟಿಯಾಗಿದ್ದಿದ್ದರೆ ಹತ್ತು ನಿಮಿಷದಲ್ಲಿ ಮೀನನ್ನು ದಡಕ್ಕೆ ತಂದು, ಕೊಕ್ಕೆ ಬಿಡಿಸಿ, ನೀರಿಗೆ ಬಿಡಬಹುದಿತ್ತು.

ಆವತ್ತಿನಿಂದ ಟಿಪ್ಪೆಟ್ ಎಲ್ಲಿಡಬೇಕು, ಹೇಗೆ ಒಯ್ಯಬೇಕು ಅನ್ನುವುದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆ ದೂರಕ್ಕೆ ಹೋಗುವುದು ದಪ್ಪನೆಯ ಲೈನಿನ ಭಾರದಿಂದ, ಕೊಕ್ಕೆಗೆ ಭಾರವೇ ಇರುವುದಿಲ್ಲ. ಆ ಲೈನಿನ ತುದಿಗೆ ಲೀಡರ್ ಅನ್ನುವ ದಾರ, ಸಾಮಾನ್ಯವಾಗಿ ಒಂಬತ್ತು ಅಡಿ, ಹೋಗ್ತಾ ಹೋಗ್ತಾ ಸಣ್ಣದಾಗುತ್ತದೆ. ಲೀಡರಿನ ತುದಿಗೆ ಎರಡು ಮೂರು ಅಡಿ ಕಟ್ಟುವ ಸಣ್ಣ ದಾರವೇ ಟಿಪ್ಪೆಟ್. ಫ್ಲೈ ಬದಲಾಯಿಸಿದಾಗೆಲ್ಲ ಅದರಲ್ಲಿ ಒಂದಿಷ್ಟು ಕತ್ತರಿಸಿ ಹೋಗುತ್ತದೆ, ಅದಕ್ಕೇ ಸ್ಪೂಲ್‌ಗಳನ್ನು ಜೊತೆಗೆ ಒಯ್ಯಬೇಕು. ಅದರ ಮೇಲಿನ ಎಕ್ಸ್ ಸಂಖ್ಯೆ ದೊಡ್ಡದಾದಷ್ಟೂ ದಾರ ಸಣ್ಣ. 11ರಿಂದ ಆ ಸಂಖ್ಯೆ ಕಳೆದರೆ ಉಳಿಯುವುದು ದಾರದ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. 5ಎಕ್ಸ್ ಅಂದರೆ ಇಂಚಿನ ಸಾವಿರ ಭಾಗದಲ್ಲಿ 6 ಭಾಗ, ಸುಮಾರು 0.15 ಮಿಲಿಮೀಟರ್. ಮೊದಲ ಸಲ ಇದನ್ನು ನೋಡಿದಾಗ ಮಾವ, "ಏನ್ ಮಗ ಇದು, ಹೂ ಕಟ್ಟೋ ದಾರಕ್ಕಿಂತ ಸಣ್ಣಗೈತೆ, ಇದ್ರಲ್ಲಿ ಮೀನ್ ಹಿಡೀತೀಯಾ?" ಅಂದಿದ್ದರು.

ಈ ಎಕ್ಸ್ ಬಂದದ್ದು ರೇಷ್ಮೆಯಿಂದ ಅಂತ ಹೇಳಿದಾಗ ಮಾವ ನಂಬಲೇ ಇಲ್ಲ. ನೈಲಾನ್ ಬರುವ ಮೊದಲು ಟಿಪ್ಪೆಟ್ ಆಗುತ್ತಿದ್ದದ್ದು ರೇಷ್ಮೆ ಹುಳದ ಒಳಗಿನ ಗ್ರಂಥಿಯಿಂದ. ಗೂಡು ಕಟ್ಟುವ ಮೊದಲೇ ಹುಳವನ್ನು ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿ ಹೊರತೆಗೆದು, ಕೈಯಲ್ಲಿ ಎಳೆದು ಉದ್ದ ಮಾಡುತ್ತಿದ್ದರು. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. ಎಳೆಯನ್ನು ಸಣ್ಣ ತೂತಿನ ಅಚ್ಚಿನಲ್ಲಿ ತೂರಿಸಿ ಎಳೆದರೆ ಇನ್ನೂ ಸಣ್ಣದಾಗುತ್ತದೆ, ಎಷ್ಟು ಸಲ ಎಳೆದರೋ ಅಷ್ಟು ಎಕ್ಸ್. ಒಣಗಿದಾಗ ಅದು ಕಡ್ಡಿಯ ಹಾಗೆ ಮುರಿಯುತ್ತಿತ್ತು, ಹಾಗಾಗಿ ಆಗಿನವರು ಒದ್ದೆ ಬಟ್ಟೆ ಹಾಸಿದ ಚಪ್ಪಟೆ ಡಬ್ಬಿಯಲ್ಲಿ ಅದನ್ನಿಟ್ಟು ಜೇಬಿನಲ್ಲಿ ಒಯ್ಯುತ್ತಿದ್ದರು. 1938ರಲ್ಲಿ ಡುಪಾಂಟ್ ಕಂಪನಿ ನೈಲಾನನ್ನು ಹೊರತಂದ ಮೇಲೆ ನಿಧಾನಕ್ಕೆ ಆ ಡಬ್ಬಿಗಳೆಲ್ಲ ಮೂಲೆ ಸೇರಿದವು. ರೇಷ್ಮೆ ಊರಿನ ಹೊಂಡದ ದಡದಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಏನೋ ಖುಷಿ. ನಮ್ಮ ಹಸಿರು ಮೆಟ್ರೋ ಕನಕಪುರ ರಸ್ತೆಯಲ್ಲಿ ಮುಗಿಯುವ ನಿಲ್ದಾಣದ ಹೆಸರೂ ರೇಷ್ಮೆ ಸಂಸ್ಥೆ ಅಲ್ವಾ.

ಈಗ ಸಿಗುವುದು ಎರಡು ಜಾತಿ. ನೈಲಾನ್, ಮತ್ತು ಫ್ಲೋರೋಕಾರ್ಬನ್. ನೈಲಾನ್ ಮೆತ್ತಗೆ, ಗಂಟು ಚೆನ್ನಾಗಿ ಕೂರುತ್ತದೆ, ಬೆಲೆ ಕಡಿಮೆ. ಆದರೆ ನೀರು ಹೀರುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ, ಅದೇ ಅಪಾಯ. ಹೊಸದೂ ಹಳೆಯದೂ ಒಂದೇ ಥರ ಹೊಳೆಯುತ್ತವೆ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಬಿಸಿಲಿಗೂ ಜಗ್ಗುವುದಿಲ್ಲ. ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ನೀರಿಗಿಂತ ತುಂಬಾ ಭಾರ, ಬೇಗ ಮುಳುಗುತ್ತದೆ, ಅದಕ್ಕೇ ತೇಲುವ ಫ್ಲೈಗೆ ನಾನು ನೈಲಾನನ್ನೇ ಕಟ್ಟುತ್ತೇನೆ. ಬೆಲೆ ಎರಡು ಮೂರು ಪಟ್ಟು. ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಫ್ಲೈ ಸಾಮಾನು ಸಿಕ್ಕಿದ್ದು ಕಡಿಮೆ. ಆನ್‌ಲೈನ್ ತರಿಸಬೇಕು, ಇಲ್ಲ ಅಮೆರಿಕದಿಂದ ಬರುವ ನೆಂಟರಿಗೆ ಹೇಳಬೇಕು. ಹಾಗೆ ಬಂದದ್ದನ್ನು ಯಾರಿಗೂ ಎಸೆಯಲು ಮನಸ್ಸು ಬರುವುದಿಲ್ಲ. ಹಳೆಯ ಸ್ಪೂಲ್‌ಗಳು ನಮ್ಮ ಚೀಲಗಳಲ್ಲಿ ವರ್ಷಗಟ್ಟಲೆ ಉಳಿಯುವುದು ಹೀಗೆಯೇ.

ಈಗ ಮನೆಯಲ್ಲಿ ನಾನು ಮಾಡುವುದು ಇಷ್ಟು. ಹೊಸ ಸ್ಪೂಲ್ ಬಂದ ದಿನವೇ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ತಿಂಗಳು, ವರ್ಷ ಬರೆಯುತ್ತೇನೆ. ಅಮ್ಮನ ಹತ್ತಿರ ಬೇಡಿ ತಂದ ಹಳೆಯ ಸ್ಟೀಲ್ ಡಬ್ಬಿಯೊಳಗೆ ಹಾಕಿ, ಮುಚ್ಚಳ ಮುಚ್ಚಿ, ಬೀರುವಿನ ಕೆಳಗಿನ ಅರೆಯಲ್ಲಿ ಇಡುತ್ತೇನೆ. ಕತ್ತಲು, ತಂಪು, ಎರಡೂ ಸಿಗುತ್ತದೆ. ಪ್ಲಾಸ್ಟಿಕ್ ಡಬ್ಬಿಯೂ ಆಗುತ್ತದೆ, ಆದರೆ ಬೆಳಕು ತೂರುವಂಥದ್ದು ಬೇಡ. ಕಾರಿನಲ್ಲಿ ಮಾತ್ರ ಯಾವುದನ್ನೂ ಬಿಡುವುದಿಲ್ಲ. ನಮ್ಮ ಬೆಂಗಳೂರು ತಂಪು ಊರು ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ 900 ಮೀಟರಿಗಿಂತ ಎತ್ತರದಲ್ಲಿರುವ ಊರಿನ ಏಪ್ರಿಲ್ ಬಿಸಿಲು ಚುರುಕು. ಮಧ್ಯಾಹ್ನ ರಸ್ತೆ ಬದಿ ನಿಲ್ಲಿಸಿದ ಕಾರಿನ ಸ್ಟೀರಿಂಗ್ ಮುಟ್ಟಿ ನೋಡಿದರೆ ಸಾಕು.

ನೈಲಾನ್ ಒಂದು ವರ್ಷ ದಾಟಿದರೆ ನಾನು ಅದನ್ನು ಮೀನಿಗೆ ಕಟ್ಟುವುದಿಲ್ಲ. ಪ್ರತಿ ಸಲ ಹೊರಡುವ ಹಿಂದಿನ ರಾತ್ರಿ ಪರೀಕ್ಷೆಯೂ ಉಂಟು. ಮೇಲಿನ ಒಂದು ಮೀಟರ್ ಕತ್ತರಿಸಿ ಬಿಸಾಡುತ್ತೇನೆ, ಯಾಕಂದರೆ ಬೆಳಕು, ಗೀರು ಎಲ್ಲ ಮೊದಲು ತಗುಲುವುದು ಹೊರಗಿನ ಸುತ್ತಿಗೆ. ಆಮೇಲೆ ಒಂದು ಅಡಿ ಎಳೆದು, ನಡುವೆ ಒಂದು ಸಾದಾ ಗಂಟು ಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡು ಜಗ್ಗುತ್ತೇನೆ. ಬರಿಗೈಯಲ್ಲಿ ಬೇಡ, ಚರ್ಮ ಕೊಯ್ಯುತ್ತದೆ. ಗಂಟು ಹಾಕಿದರೆ ಎಂಥ ದಾರವೂ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಆದರೆ ಒಳ್ಳೆಯ ದಾರ ಹಿಗ್ಗಿ, ಸತಾಯಿಸಿ, ಆಮೇಲೆ ತುಂಡಾಗುತ್ತದೆ. ಹಾಳಾದದ್ದು ಹಿಗ್ಗುವುದೇ ಇಲ್ಲ.

ಇನ್ನು ಒಯ್ಯುವ ವಿಷಯ. ಇದರಲ್ಲಿ ನಾನು ತುಂಬಾ ಸುತ್ತಾಡಿ ಬಂದಿದ್ದೇನೆ. ಮೊದಲು ಜೇಬಿಗೊಂದು ಸ್ಪೂಲ್ ಇಟ್ಟುಕೊಳ್ಳುತ್ತಿದ್ದೆ. ಬೇಕಾದದ್ದು ಯಾವಾಗಲೂ ಕೊನೆಯ ಜೇಬಿನಲ್ಲೇ ಇರುತ್ತಿತ್ತು. ಆಮೇಲೆ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿದೆ, ತುದಿಗಳೆಲ್ಲ ಬಿಚ್ಚಿಕೊಂಡು ಒಂದಕ್ಕೊಂದು ಸುತ್ತಿಕೊಂಡವು. ಸ್ಪೂಲ್‌ಗಳನ್ನು ಸಾಲಾಗಿ ಪೋಣಿಸಿ ಎದೆಯ ಮೇಲೆ ತೂಗುಹಾಕುವ ಹೋಲ್ಡರ್ ಸಿಗುತ್ತದೆ. ಅದರ ಯೋಚನೆ ಚೆನ್ನಾಗಿದೆ, ಆದರೆ ದಿನವಿಡೀ ದಾರ ಬಿಸಿಲಿಗೆ ಮುಖ ಮಾಡಿರುತ್ತದೆ. ಟ್ರೌಟ್ ಮೀನು ಇರುವ ತಣ್ಣನೆಯ, ಮೋಡ ಕವಿದ ಊರುಗಳಲ್ಲಿ ಪರವಾಗಿಲ್ಲವೇನೋ. ಕನಕಪುರದ ಬಯಲಿನಲ್ಲಿ ಬೇಡ.

ಕೊನೆಗೆ ನಾನೇ ಒಂದು ಮಾಡಿಕೊಂಡೆ. ಚಿಕ್ಕಪೇಟೆಯಲ್ಲಿ ಟೈಲರ್ ಸಾಮಾನು ಮಾರುವ ಅಂಗಡಿಯಿಂದ ಒಂದು ಮೀಟರ್ ದುಂಡನೆಯ ಎಲಾಸ್ಟಿಕ್, ಎರಡು ದೊಡ್ಡ ಕೋಟ್ ಗುಂಡಿ ತಂದೆ. ಹರಿದ ರೇನ್‌ಕೋಟಿನ ಟೋಪಿಯ ದಾರ ಬಿಗಿ ಮಾಡುವ ಕ್ಲಿಪ್ ಮನೆಯಲ್ಲೇ ಇತ್ತು. ಎಲಾಸ್ಟಿಕ್ ಮಡಚಿ, ಕೆಳಗೆ ಒಂದು ಗುಂಡಿ, ಅದರ ಮೇಲೆ ಸ್ಪೂಲ್‌ಗಳು, ಮೇಲೆ ಇನ್ನೊಂದು ಗುಂಡಿ, ಕೊನೆಗೆ ಕ್ಲಿಪ್. ಕ್ಲಿಪ್ ಒತ್ತಿದರೆ ಸಡಿಲ, ಬಿಟ್ಟರೆ ಬಿಗಿ. ಸ್ಪೂಲ್ ಹೊರತೆಗೆಯದೆಯೇ ದಾರ ಎಳೆಯಬಹುದು. ಇಡೀ ಗೊಂಚಲು ಎದೆಯ ಚೀಲದ ಒಳಗೆ ನೆರಳಿನಲ್ಲಿ ಇರುತ್ತದೆ, ಚೀಲದ ಜಿಪ್ಪಿಗೆ ಕಟ್ಟಿರುವುದರಿಂದ ಕೈಜಾರಿದರೂ ನೀರಿಗೆ ಬೀಳುವುದಿಲ್ಲ.

ಎರಡು ಸಣ್ಣ ವಿಷಯ ನನಗೆ ತುಂಬಾ ಸಹಾಯ ಮಾಡಿವೆ. ಒಂದು, ಎಲ್ಲ ಸ್ಪೂಲ್‌ಗಳೂ ಒಂದೇ ಕಡೆಗೆ ಬಿಚ್ಚಿಕೊಳ್ಳುವ ಹಾಗೆ ಪೋಣಿಸುವುದು, ದಪ್ಪದ್ದು ಕೆಳಗೆ, ಸಣ್ಣದ್ದು ಮೇಲೆ. ಕೈಗೆ ಅಭ್ಯಾಸವಾದರೆ ನೋಡುವುದೇ ಬೇಡ. ಇನ್ನೊಂದು, ನೇಲ್ ಪಾಲಿಶ್. ತಂಗಿಯ ಹತ್ತಿರ ಎರಡು ಬಾಟಲಿ ತೆಗೆದುಕೊಂಡೆ. ನೈಲಾನ್ ಸ್ಪೂಲಿನ ಅಂಚಿಗೆ ಕೆಂಪು ಚುಕ್ಕೆ, ಫ್ಲೋರೋಕಾರ್ಬನ್‌ಗೆ ಬಿಳಿ ಚುಕ್ಕೆ. ಸಂಜೆ ಆರೂವರೆಗೆ, ಮೀನು ಎದ್ದೆದ್ದು ಬೀಳುತ್ತಿರುವಾಗ, ಸ್ಪೂಲಿನ ಮೇಲಿನ ಸಣ್ಣ ಅಕ್ಷರ ಓದಲು ಆಗುವುದಿಲ್ಲ, ಚುಕ್ಕೆ ಕಾಣುತ್ತದೆ. ದಾರದ ತುದಿಯನ್ನು ಸ್ಪೂಲಿನ ರಬ್ಬರ್ ಪಟ್ಟಿಯ ತೂತಿನಿಂದ ಎರಡು ಇಂಚು ಹೊರಗೆ ಬಿಟ್ಟಿರಿ. ತೀರಾ ಗಿಡ್ಡ ಬಿಟ್ಟರೆ ಒಳಗೆ ಸರಿದುಹೋಗುತ್ತದೆ, ಆಮೇಲೆ ಉಗುರಿನಲ್ಲಿ ಹುಡುಕಬೇಕು.

ಎಷ್ಟು ಸ್ಪೂಲ್ ಬೇಕು? ನನ್ನ ಮಟ್ಟಿಗೆ ಮೂರು. ಜಿಲೇಬಿ ಮೀನಿಗೆ 4ಎಕ್ಸ್ ಮತ್ತು 5ಎಕ್ಸ್, ಗೆಂಡೆ ಇರುವ ಕಡೆ 3ಎಕ್ಸ್. ಫ್ಲೈ ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿದರೆ ಸುಮಾರಾಗಿ ಯಾವ ಎಕ್ಸ್ ಕಟ್ಟಬೇಕು ಅಂತ ಸಿಗುತ್ತದೆ, 12ನೇ ನಂಬರಿಗೆ 4ಎಕ್ಸ್. ಆದರೆ ದೊಡ್ಡ ಮೀನು ಇರಬಹುದು ಅನ್ನಿಸಿದರೆ ಲೆಕ್ಕ ಬಿಟ್ಟು ಒಂದು ಹೆಜ್ಜೆ ದಪ್ಪದ್ದೇ ಕಟ್ಟಿ. ಸಣ್ಣ ದಾರದಲ್ಲಿ ಮೀನನ್ನು ಅರ್ಧ ಗಂಟೆ ಆಡಿಸಿ ಸುಸ್ತು ಮಾಡಿ ಬಿಟ್ಟರೆ, ಈಜಿಕೊಂಡು ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು, ಅದರಲ್ಲೂ ಬೇಸಿಗೆಯ ಬಿಸಿ ನೀರಿನಲ್ಲಿ.

ಗಂಟು ಬಿಗಿಯುವ ಮೊದಲು ಒದ್ದೆ ಮಾಡಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ದಾರ ಸುಟ್ಟ ಹಾಗಾಗುತ್ತದೆ. ಎಲ್ಲರೂ ಬಾಯಲ್ಲಿಟ್ಟು ಎಂಜಲು ಮಾಡುತ್ತಾರೆ. ಆದರೆ ಹೊಂಡದಲ್ಲಿ, ಕೆರೆಯಲ್ಲಿ ನೆಂದ ದಾರವನ್ನು ದಯವಿಟ್ಟು ಬಾಯಿಗೆ ಹಾಕಬೇಡಿ. ಬೆಂಗಳೂರಿನ ಸುತ್ತ ಎಷ್ಟೋ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ, ನಮಗೆಲ್ಲ ಗೊತ್ತಿರುವುದೇ. ಕುಡಿಯುವ ನೀರಿನ ಬಾಟಲಿಯಿಂದ ಒಂದು ಹನಿ ಸಾಕು. ಹಲ್ಲಿನಲ್ಲಿ ದಾರ ಕಡಿಯುವುದೂ ಬೇಡ, ಒಂದು ನೇಲ್ ಕಟ್ಟರ್ ಚೀಲಕ್ಕೆ ನೇತುಹಾಕಿ.

ಕತ್ತರಿಸಿದ ತುಂಡುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಬೆಳಿಗ್ಗೆಗೆ ಹತ್ತು ಹದಿನೈದು ತುಂಡು ಬೀಳುತ್ತವೆ, ಒಂದೊಂದು ಗೇಣುದ್ದ. ಹುಲ್ಲಿನಲ್ಲಿ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಅದಕ್ಕೆ ಕೈಯಿಲ್ಲ. ಗಾಳಿಪಟದ ಮಾಂಜಾದಿಂದ ಹದ್ದುಗಳ ರೆಕ್ಕೆ ಕತ್ತರಿಸಿಹೋಗುವುದನ್ನು ಈ ಊರಿನಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲಿಗೆ ಜಗ್ಗದ ಫ್ಲೋರೋಕಾರ್ಬನ್‌ನ ಒಳ್ಳೆಯ ಗುಣವೇ ಇಲ್ಲಿ ಕೆಟ್ಟದ್ದು, ಅದು ಮಣ್ಣಿನಲ್ಲಿ ಎಷ್ಟೋ ಕಾಲ ಹಾಗೇ ಇರುತ್ತದೆ. ಸುಡಬಹುದಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಬೇಡ, ಸುಟ್ಟರೆ ವಿಷದ ಹೊಗೆ ಬರುತ್ತದೆ. ಮಾತ್ರೆಯ ಖಾಲಿ ಡಬ್ಬಿಯೊಂದರ ಮುಚ್ಚಳಕ್ಕೆ ಬ್ಲೇಡಿನಿಂದ ಸೀಳು ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಕತ್ತರಿಸಿದ ತಕ್ಷಣ ತುಂಡು ಸೀಳಿನೊಳಗೆ. ಮನೆಗೆ ಬಂದ ಮೇಲೆ ಅವನ್ನೆಲ್ಲ ಇನ್ನೂ ಚಿಕ್ಕದಾಗಿ, ಬೆರಳಿನ ಗೆಣ್ಣಿನಷ್ಟು, ಕತ್ತರಿಸಿ ಒಣ ಕಸಕ್ಕೆ ಹಾಕುತ್ತೇನೆ.

ಮಳೆಗಾಲದಲ್ಲಿ ಇನ್ನೊಂದು ಕೆಲಸ ಇದೆ. ವಾಪಸ್ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಗೊಂಚಲನ್ನು ಚೀಲದಿಂದ ಹೊರತೆಗೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಬಿಟ್ಟು, ಬೆಳಿಗ್ಗೆ ಸ್ಟೀಲ್ ಡಬ್ಬಿಗೆ ಸೇರಿಸುವುದು. ಚೀಲದಲ್ಲೇ ಬಿಟ್ಟರೆ ರಬ್ಬರ್ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಜೂನ್‌ನಲ್ಲಿ ಮತ್ತೆ ಮಾವನ ಊರಿಗೆ ಹೋದೆ. ಈ ಸಲ ಹೊಸ 3ಎಕ್ಸ್. ಒಂದು ಹುಲ್ಲುಗೆಂಡೆ ಬಂತು, ಹಿಂದಿನದಕ್ಕಿಂತ ಚಿಕ್ಕದು. ದಡಕ್ಕೆ ತಂದು ಬಾಯಿ ತೆರೆದು ನೋಡಿದೆ, ಹಳೆಯ ಕೊಕ್ಕೆಯ ಗುರುತೇನೂ ಇರಲಿಲ್ಲ. ಅದೇ ಮೀನಲ್ಲ ಅಂತ ಗೊತ್ತಿತ್ತು, ಆದರೂ ನೋಡಿದೆ. ಬಿಸಿಲಿಗೆ ಹಾಳಾದ ಆ ಹಳೆಯ ಸ್ಪೂಲನ್ನು ಅತ್ತೆ ಕೇಳಿ ತೆಗೆದುಕೊಂಡಿದ್ದಾರೆ, ಬಾಗಿಲ ತೋರಣಕ್ಕೆ ಮಣಿ ಪೋಣಿಸಲು. ಮನೆಯೊಳಗೇ ಕಟ್ಟಿ ಅತ್ತೆ, ಹೊರಗೆ ಬೇಡ ಅಂತ ಹೇಳಿ ಕೊಟ್ಟೆ. ಹೋದ ವಾರ ಫೋನ್ ಮಾಡಿದಾಗ, ಎರಡು ಸಲ ಕಿತ್ತುಹೋಯಿತು, ಈಗ ಮೂರೆಳೆ ಸೇರಿಸಿ ಪೋಣಿಸಿದ್ದೇನೆ ಅಂದರು.