ಮೋಷನ್ ಸೆನ್ಸರ್ ಕೆಲಸ ಮಾಡ್ತಿಲ್ಲ ಅನ್ನುವ ಮೊದಲು

ಸ್ಮಾರ್ಟ್ ಹೋಮ್ ಸಾಮಾನುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಮಲ್ಟಿ-ಸೆನ್ಸರ್. ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ. ಚಲನೆ, ಬೆಳಕು, ತಾಪಮಾನ, ತೇವಾಂಶ, ಎಲ್ಲವನ್ನೂ ಅದೊಂದೇ ನೋಡಿಕೊಳ್ಳುತ್ತದೆ. ಕೆಲವದರಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಕೂಡ ಇರುತ್ತದೆ, ಯಾರಾದರೂ ಅದನ್ನು ಗೋಡೆಯಿಂದ ಕಿತ್ತರೆ ಗೊತ್ತಾಗಲಿ ಅಂತ.

ನಾನು ಇದನ್ನು ಹಾಕಿದ್ದು ಅಪ್ಪನಿಗಾಗಿ. ಅವರಿಗೆ ಮಂಡಿ ನೋವು. ರಾತ್ರಿ ಎದ್ದರೆ ಸ್ವಿಚ್ ಸಿಗುವವರೆಗೆ ಗೋಡೆ ತಡವುತ್ತಾ ನಡೆಯುತ್ತಿದ್ದರು. ಈಗ ಕೋಣೆಯಿಂದ ಕಾಲು ಹೊರಗಿಡುತ್ತಿದ್ದಂತೆ ಪ್ಯಾಸೇಜಿನ ದೀಪ ಸಣ್ಣಗೆ ಹತ್ತುತ್ತದೆ. ಅವರು ಆ ಬೆಳಕನ್ನು ನಂಬಿ ಹೆಜ್ಜೆ ಇಡುತ್ತಾರೆ. ಅದಕ್ಕೇ ಅದು ಬಹುತೇಕ ಸಲ ಹತ್ತಿದರೆ ನನಗೆ ಸಾಲದು, ಪ್ರತಿ ಸಲವೂ ಹತ್ತಬೇಕು. ನಾನು ಈ ಸೆನ್ಸರ್‌ಗಳ ಹಿಂದೆ ಇಷ್ಟು ಬಿದ್ದಿರುವುದಕ್ಕೆ ಕಾರಣ ಅದು.

ನನಗೆ ಇದೆಲ್ಲ ಗೊತ್ತು ಅಂತ ತಿಳಿದ ಮೇಲೆ ನೆಂಟರು, ಸ್ನೇಹಿತರು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಮಾತು, "ಸೆನ್ಸರ್ ಕೆಟ್ಟುಹೋಗಿದೆ". ನಾನು ಕೇಳುವುದೂ ಒಂದೇ. ಸೆನ್ಸರ್ ನಿಮ್ಮನ್ನು ನೋಡಲೇ ಇಲ್ಲವಾ? ನೋಡಿಯೂ ಹಬ್‌ಗೆ, ಅಂದರೆ ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದುಗೂಡಿಸುವ ಪೆಟ್ಟಿಗೆಗೆ, ಹೇಳಲಿಲ್ಲವಾ? ಅಥವಾ ಹೇಳಿದ್ದು ಹಬ್‌ಗೆ ಮುಟ್ಟಿದರೂ ದೀಪ ಹತ್ತಲಿಲ್ಲವಾ? ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಆದರೆ ರಿಪೇರಿ ಬೇರೆ ಬೇರೆ. ಇದನ್ನು ಬಿಡಿಸಿಕೊಳ್ಳದೆ ಸುಮ್ನೆ ರೀಸೆಟ್ ಬಟನ್ ಒತ್ತುತ್ತಾ ಕೂತರೆ ಇರುವ ಸೆಟ್ಟಿಂಗೂ ಅಳಿಸಿಹೋಗುತ್ತದೆ.

ತಿಳಿದುಕೊಳ್ಳುವುದು ಕಷ್ಟವಲ್ಲ. ಹೆಚ್ಚಿನ ಸೆನ್ಸರ್‌ಗಳಲ್ಲಿ ಸಣ್ಣ ಎಲ್‌ಇಡಿ ಇರುತ್ತದೆ, ಚಲನೆ ಕಂಡರೆ ಮಿನುಗುತ್ತದೆ. ಅದು ಮಿನುಗದಿದ್ದರೆ ಸೆನ್ಸರಿನ ಕಣ್ಣಿನ ಸಮಸ್ಯೆ. ಮಿನುಗಿದರೂ ಆ್ಯಪ್‌ನಲ್ಲಿ ಏನೂ ಬದಲಾಗದಿದ್ದರೆ ಸಿಗ್ನಲ್ಲಿನದು. ಆ್ಯಪ್‌ನಲ್ಲಿ "ಚಲನೆ ಇದೆ" ಅಂತ ಬಂದೂ ದೀಪ ಹತ್ತದಿದ್ದರೆ ಆಟೊಮೇಷನ್ ನೋಡಿ, ಅಂದರೆ "ಚಲನೆ ಕಂಡರೆ ದೀಪ ಹತ್ತಿಸು" ಅಂತ ನೀವು ಬರೆದಿಟ್ಟ ನಿಯಮ ನೋಡಿ, ಸೆನ್ಸರ್ ಮುಟ್ಟಬೇಡಿ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಉಳಿಸಲು ಎಲ್‌ಇಡಿ ಆಫ್ ಮಾಡಿರುತ್ತಾರೆ. ಪರೀಕ್ಷೆ ಮಾಡುವಾಗ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿಕೊಳ್ಳಿ.

ಮೊದಲು ಕಣ್ಣಿನ ವಿಷಯ. ಹೆಚ್ಚಿನ ತೊಂದರೆ ಇಲ್ಲೇ ಇರುವುದು.

ಗೆಳೆಯನೊಬ್ಬ ಹೇಳಿದ, "ನೇರವಾಗಿ ಅದರ ಕಡೆಗೇ ನಡ್ಕೊಂಡು ಬರ್ತೀನಿ ಕಣೋ, ಆದ್ರೂ ಹತ್ತಲ್ಲ. ಹತ್ತಿರ ಬಂದು ಕೈ ಬೀಸಿದ್ರೆ ಮಾತ್ರ ಹತ್ತುತ್ತೆ." ಎಲ್ಲಿ ಅಂಟಿಸಿದ್ದೀಯ ಅಂದೆ. ಪ್ಯಾಸೇಜಿನ ಕೊನೆಯಲ್ಲಿ, ಬಾಗಿಲಿನ ಮೇಲೆ ಅಂದ. ಉತ್ತರ ಅಲ್ಲೇ ಇತ್ತು.

ಈ ಸೆನ್ಸರ್‌ಗಳಲ್ಲಿ ಇರುವುದು ಪಿಐಆರ್, ಅಂದರೆ ನಮ್ಮ ಮೈಯಿಂದ ಹೊರಡುವ ಶಾಖದ ಕಿರಣವನ್ನು ನೋಡುವಂಥದ್ದು. ಆ ಕಿರಣದ ತರಂಗಾಂತರ ಹೆಚ್ಚುಕಡಿಮೆ 10 ಮೈಕ್ರೋಮೀಟರ್. ಸೆನ್ಸರ್ ತಾನಾಗಿ ಏನನ್ನೂ ಹೊರಗೆ ಕಳಿಸುವುದಿಲ್ಲ, ಬಂದದ್ದನ್ನು ನೋಡುತ್ತದೆ, ಅಷ್ಟೇ. ಒಳಗೆ ಎರಡು ಸಣ್ಣ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ಎರಡರ ಮೇಲೂ ಒಂದೇ ಸಮ ಶಾಖ ಬಿದ್ದರೆ ಒಂದರ ಲೆಕ್ಕವನ್ನು ಇನ್ನೊಂದು ಕಳೆದುಬಿಡುತ್ತದೆ. ಒಂದರ ಮೇಲೆ ಮೊದಲು, ಇನ್ನೊಂದರ ಮೇಲೆ ಆಮೇಲೆ ಬಿದ್ದಾಗಲೇ ಅದಕ್ಕೆ ಚಲನೆ ಕಾಣುವುದು. ಮುಂದೆ ಉಬ್ಬಿಕೊಂಡಿರುವ ಬಿಳಿ ಪ್ಲಾಸ್ಟಿಕ್ ಇದೆಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ತುಂಬಾ ಚೌಕಗಳು ಕಾಣುತ್ತವೆ. ಪ್ರತಿ ಚೌಕವೂ ಒಂದು ಫ್ರೆನೆಲ್ ಲೆನ್ಸ್. ಒಂದೊಂದೂ ಕೋಣೆಯ ಒಂದೊಂದು ಭಾಗದ ಶಾಖವನ್ನು ಆ ಪಟ್ಟಿಗಳ ಮೇಲೆ ತಂದು ಬೀಳಿಸುತ್ತದೆ. ನೀವು ಅಡ್ಡ ನಡೆದರೆ ಒಂದು ಭಾಗದಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತೀರಿ. ನೇರವಾಗಿ ಅದರ ಕಡೆ ಬಂದರೆ ಬಹಳ ಹೊತ್ತು ಒಂದೇ ಭಾಗದೊಳಗೆ ಇರುತ್ತೀರಿ.

ಗೆಳೆಯ ಅದನ್ನು ಪಕ್ಕದ ಗೋಡೆಗೆ, ಸುಮಾರು 2 ಮೀಟರ್ ಎತ್ತರಕ್ಕೆ ಸರಿಸಿದ. ಜನ ಅದರ ಎದುರು ಅಡ್ಡ ಹಾಯುವ ಹಾಗೆ ಆಯಿತು, ದೀಪವೂ ಸರಿಯಾಗಿ ಹತ್ತತೊಡಗಿತು.

ಇದೊಂದು ಅರ್ಥವಾದರೆ ಉಳಿದದ್ದೂ ಅರ್ಥವಾಗುತ್ತದೆ. ಕಿಟಕಿಯ ಗಾಜಿನಾಚೆ ಯಾರು ಓಡಾಡಿದರೂ ಪಿಐಆರ್‌ಗೆ ಕಾಣುವುದಿಲ್ಲ, ಮಾಮೂಲಿ ಗಾಜು ಈ ಕಿರಣವನ್ನು ಬಿಡುವುದಿಲ್ಲ. ಆದರೆ ಬಿಸಿಲು ಬಿದ್ದು ಕಾಯುವ ನೆಲ, ಅಲ್ಲಾಡುವ ಪರದೆ, ಏಸಿ ಅಥವಾ ಹೀಟರಿನ ಗಾಳಿ, ಇವು ಎದುರಿಗಿದ್ದರೆ ಯಾರೂ ಇಲ್ಲದಾಗಲೂ ಚಲನೆ ಅಂತ ತೋರಿಸಬಹುದು. ಇನ್ನು ಕೋಣೆಯ ಸೆಕೆ ಮೈಯ ಬಿಸಿಗೆ ಹತ್ತಿರವಾದಾಗ, 35 ಡಿಗ್ರಿ ಆಸುಪಾಸಿನಲ್ಲಿ, ಅದಕ್ಕೆ ನಮ್ಮನ್ನು ಗೋಡೆಯಿಂದ ಬೇರೆ ಮಾಡಿ ನೋಡುವುದೇ ಕಷ್ಟ. ಬೇಸಿಗೆಯ ಮಧ್ಯಾಹ್ನ ಮಂಕಾಗಿ ರಾತ್ರಿ ಸರಿಹೋಗುವ ಸೆನ್ಸರ್‌ಗಳ ಗುಟ್ಟು ಇದು.

ಅಲ್ಲಾಡದೆ ಕೂತು ಓದುವವರನ್ನೂ ಪಿಐಆರ್ ನೋಡದು. ಓದುವ ಕೋಣೆಗೆ ಎಂಎಂವೇವ್ ರೇಡಾರ್ ಇರುವ ಸೆನ್ಸರ್ ಒಳ್ಳೆಯದು. ಅದು 24 ಅಥವಾ 60 ಗಿಗಾಹರ್ಟ್ಸ್ ರೇಡಿಯೋ ಅಲೆ ಕಳಿಸಿ, ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಹಿಡಿಯಬಲ್ಲದು. ಆದರೆ ಫ್ಯಾನ್ ತಿರುಗಿದರೂ ಮನುಷ್ಯರಿದ್ದಾರೆ ಅನ್ನಬಹುದು, ಕರೆಂಟೂ ಜಾಸ್ತಿ ಬೇಕು. ಪ್ಯಾಸೇಜಿಗೆ ಪಿಐಆರ್ ಸಾಕು.

ಎರಡನೆಯದು ಸಿಗ್ನಲ್. ಅದು ಶುರುವಾಗುವುದು ಪೇರ್ ಮಾಡುವಾಗ, ಅಂದರೆ ಸೆನ್ಸರನ್ನು ಹಬ್‌ಗೆ ಜೋಡಿಸುವಾಗ. ಹಬ್ ಪಕ್ಕದಲ್ಲೇ ಕೂತು ಪೇರ್ ಮಾಡಿ ಆಮೇಲೆ ದೂರದ ಕೋಣೆಗೆ ಒಯ್ಯುವುದು ಎಲ್ಲರ ಅಭ್ಯಾಸ. ಜಿಗ್‌ಬೀ (ಸ್ಮಾರ್ಟ್ ಸಾಧನಗಳು ತಮ್ಮೊಳಗೆ ಮಾತಾಡುವ ಒಂದು ವೈರ್‌ಲೆಸ್ ಪದ್ಧತಿ) ಸೆನ್ಸರ್ ಆದರೆ ನಾನು ಹಾಗೆ ಮಾಡುವುದಿಲ್ಲ. ಅದು ಪೇರ್ ಆದ ಜಾಗದಲ್ಲಿ ಒಂದು ಸಾಧನವನ್ನು ಹಿಡಿದುಕೊಂಡು ಅದರ ಮೂಲಕವೇ ಮಾತಾಡುತ್ತದೆ. ಜಾಗ ಬದಲಾದರೂ ಕೆಲವು ಸೆನ್ಸರ್‌ಗಳು ಹಳೆಯದನ್ನು ಬಿಡದೆ ಒದ್ದಾಡುತ್ತವೆ. ಅಂಟಿಸುವ ಜಾಗದಲ್ಲೇ ನಿಂತು ಪೇರ್ ಮಾಡಿ. ಆ್ಯಪ್‌ನಲ್ಲಿ ಹೊಸ ಸಾಧನ ಸೇರಿಸುವ ಆಯ್ಕೆ ಮೊದಲು ತೆರೆಯಿರಿ, ಆಮೇಲೆ ಸೆನ್ಸರಿನ ಬಟನ್ ಒತ್ತಿ. ಹೊಸ ಡಬ್ಬಿಯಾದರೆ ಬ್ಯಾಟರಿ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಎಳೆದಿದ್ದೀರಾ ಅಂತ ಒಮ್ಮೆ ನೋಡಿಬಿಡಿ.

ಝಡ್-ವೇವ್ ಅನ್ನುವ ಇನ್ನೊಂದು ವೈರ್‌ಲೆಸ್ ಪದ್ಧತಿಯ ಸೆನ್ಸರ್ ಆದರೆ ಎರಡು ವಿಷಯ. ಪ್ರದೇಶಕ್ಕೊಂದು ಫ್ರೀಕ್ವೆನ್ಸಿ ಇರುತ್ತದೆ. ಯುರೋಪಿನಲ್ಲಿ 868.42 ಮೆಗಾಹರ್ಟ್ಸ್, ಅಮೆರಿಕದಲ್ಲಿ 908.42. ಒಂದು ಕಡೆಯ ಸೆನ್ಸರ್ ಇನ್ನೊಂದು ಕಡೆಯ ಹಬ್‌ಗೆ ಸೇರುವುದಿಲ್ಲ, ಎಷ್ಟು ಸಲ ರೀಸೆಟ್ ಮಾಡಿದರೂ ಅಷ್ಟೇ. ಇನ್ನೊಂದು, ಕೆಲವು ಮಲ್ಟಿ-ಸೆನ್ಸರ್‌ಗಳು ಬ್ಯಾಟರಿಯಲ್ಲೂ ಓಡುತ್ತವೆ, ಯುಎಸ್‌ಬಿ ಪವರ್‌ನಲ್ಲೂ ಓಡುತ್ತವೆ. ಪೇರ್ ಮಾಡುವಾಗ ಯಾವುದರಲ್ಲಿತ್ತೋ ಅದನ್ನೇ ಅವು ನೆನಪಿಟ್ಟುಕೊಳ್ಳುತ್ತವೆ. ಯುಎಸ್‌ಬಿಯಲ್ಲಿ ಸೇರಿಸಿದರೆ ಸದಾ ಎಚ್ಚರವಿದ್ದು ಬೇರೆ ಸಾಧನಗಳ ಸಿಗ್ನಲನ್ನೂ ಮುಂದೆ ಸಾಗಿಸುತ್ತವೆ. ಬ್ಯಾಟರಿಯಲ್ಲಿ ಸೇರಿಸಿದರೆ ನಿದ್ದೆಗೆ ಹೋಗುತ್ತವೆ. ಹಾಗಾಗಿ ಕೊನೆಗೆ ಯಾವುದರಲ್ಲಿ ಓಡಿಸುತ್ತೀರೋ ಅದರಲ್ಲೇ ಪೇರ್ ಮಾಡಿ.

ನಿದ್ದೆಯ ವಿಷಯ ಬಂತಲ್ಲ, "ಸೆಟ್ಟಿಂಗ್ ಬದಲಾಯಿಸಿದೆ, ಏನೂ ಆಗ್ಲಿಲ್ಲ" ಅನ್ನುವ ದೂರಿಗೆ ಕಾರಣವೂ ಅದೇ. ಬ್ಯಾಟರಿ ಸೆನ್ಸರ್ ಹೆಚ್ಚು ಹೊತ್ತು ಮಲಗಿರುತ್ತದೆ. ನೀವು ಆ್ಯಪ್‌ನಲ್ಲಿ ಬದಲಾಯಿಸಿದ್ದು ಅದು ಮುಂದಿನ ಸಲ ಎದ್ದಾಗಲೇ ತಲುಪುವುದು. ಅವಸರವಿದ್ದರೆ ಅದರ ಬಟನ್ ಒತ್ತಿ ಎಬ್ಬಿಸಬೇಕು. ಹೇಗೆ ಒತ್ತಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಿಕೊಳ್ಳಿ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ರೀಸೆಟ್ ಆಗಿಬಿಡಬಹುದು.

ಸಿಗ್ನಲ್ ಆಗಾಗ ತಪ್ಪುತ್ತಿದ್ದರೆ ನಾನು ಮೊದಲು ಗೋಡೆಯ ಸ್ವಿಚ್‌ಗಳನ್ನು ನೋಡುತ್ತೇನೆ. ಮೇನ್ಸ್ ಕರೆಂಟಿನಲ್ಲಿ ಓಡುವ ಜಿಗ್‌ಬೀ ಬಲ್ಬು, ಪ್ಲಗ್ಗುಗಳು ಸಾಮಾನ್ಯವಾಗಿ ಸಿಗ್ನಲನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿಯವು ದಾಟಿಸುವುದಿಲ್ಲ. ನಡುವಿನ ಕೋಣೆಯ ಸ್ಮಾರ್ಟ್ ಬಲ್ಬನ್ನು ಯಾರೋ ಮಲಗುವ ಮುಂಚೆ ಗೋಡೆಯಲ್ಲೇ ಆರಿಸಿದರೆ ಅದರಾಚೆಗಿನ ಸೆನ್ಸರಿಗೆ ದಾರಿಯೇ ತಪ್ಪಿಹೋಗುತ್ತದೆ. ಹಗಲೆಲ್ಲ ಸರಿ, ರಾತ್ರಿ ಮಾತ್ರ ಇಲ್ಲ ಅನ್ನುವವರು ಇದನ್ನು ಖಂಡಿತ ನೋಡಬೇಕು. ನಮ್ಮನೆಯಲ್ಲಿ ನಡುವೆ ಒಂದು ಸ್ಮಾರ್ಟ್ ಪ್ಲಗ್ ಹಾಕಿ, ಅದರ ಸ್ವಿಚ್ ಆರಿಸಬೇಡಿ ಅಂತ ಚೀಟಿ ಅಂಟಿಸಿದ್ದೇನೆ.

ಆಮೇಲೆ ವೈಫೈ. ಜಿಗ್‌ಬೀ, ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡುತ್ತವೆ. ಜಿಗ್‌ಬೀಗೆ 11ರಿಂದ 26ರವರೆಗೆ ಚಾನೆಲ್‌ಗಳಿವೆ. ವೈಫೈ ರೌಟರ್ ತನ್ನ 1, 6, 11ನೇ ಚಾನೆಲ್‌ಗಳಲ್ಲಿ ಯಾವುದರಲ್ಲಿದ್ದರೂ ಜಿಗ್‌ಬೀಯ 15, 20, 25 ಅವುಗಳ ಸಂದಿಯಲ್ಲಿ ಅಥವಾ ಅಂಚಿನಲ್ಲಿ ಬರುತ್ತವೆ. ಎಲ್ಲ ಸಾಧನ ಸೇರಿಸುವ ಮುಂಚೆಯೇ ಇದನ್ನು ತೀರ್ಮಾನಿಸಿ. ಆಮೇಲೆ ಬದಲಾಯಿಸಿದರೆ ಕೆಲವನ್ನು ಮತ್ತೆ ಪೇರ್ ಮಾಡಬೇಕಾಗುತ್ತದೆ. ಕಂಪ್ಯೂಟರನ್ನೇ ಹಬ್ ಮಾಡುವ ಹೋಮ್ ಅಸಿಸ್ಟೆಂಟ್‌ನಂಥ ಸಾಫ್ಟ್‌ವೇರಿಗೆ ಜಿಗ್‌ಬೀ ಯುಎಸ್‌ಬಿ ಡಾಂಗಲ್ ಬಳಸುವವರು ಅದನ್ನು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಬೇಡಿ. ಯುಎಸ್‌ಬಿ 3.0 ಪೋರ್ಟು, ಹಾರ್ಡ್‌ಡಿಸ್ಕುಗಳಿಂದ ಇದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎದ್ದು ಸಿಗ್ನಲ್ ಹಾಳಾಗುತ್ತದೆ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟರೆ ಎಷ್ಟೋ ಮನೆಯಲ್ಲಿ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ಆಟೊಮೇಷನ್. ಚಲನೆ ಕಂಡ ಮೇಲೆ ಸೆನ್ಸರ್ ಸ್ವಲ್ಪ ಹೊತ್ತು "ಇದೆ" ಅಂತಲೇ ಇರುತ್ತದೆ. ಕೆಲವದರಲ್ಲಿ 1 ನಿಮಿಷ, ಕೆಲವದರಲ್ಲಿ ಮೊದಲಿಂದ ಇಟ್ಟಿರುವುದೇ 4 ನಿಮಿಷ. ಈ ಸಮಯದೊಳಗೆ ದೀಪವನ್ನು ಬೇರೆ ಯಾರಾದರೂ ಆರಿಸಿದರೆ, ನೀವು ಮತ್ತೆ ನಡೆದರೂ ಹತ್ತುವುದಿಲ್ಲ. ಸೆನ್ಸರ್ ಲೆಕ್ಕದಲ್ಲಿ ಹೊಸದೇನೂ ಆಗಿಲ್ಲ, ಅಲ್ವಾ? ಆದ್ದರಿಂದ ಪರೀಕ್ಷೆ ಮಾಡುವಾಗ ಕೋಣೆಯಿಂದ ಹೊರಗೆ ಹೋಗಿ, ಆ್ಯಪ್‌ನಲ್ಲಿ "ಇಲ್ಲ" ಅಂತ ಬರುವವರೆಗೆ ಕಾದು, ಆಮೇಲೆ ಒಳಗೆ ಬನ್ನಿ. ಎದುರಿಗೇ ನಿಂತು ಕೈ ಬೀಸುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ದೀಪ ಆರಿಸುವ ನಿಯಮವನ್ನು "ಚಲನೆ ಇಲ್ಲ ಅಂತಾಗಿ ಇಷ್ಟು ನಿಮಿಷ ಆದ ಮೇಲೆ" ಅಂತ ಬರೆಯಿರಿ. ದೀಪ ಹತ್ತಿದ ಕ್ಷಣದಿಂದ ಎಣಿಸಿದರೆ ಮನುಷ್ಯ ಇನ್ನೂ ನಡೆಯುತ್ತಿರುವಾಗಲೇ ಕತ್ತಲಾಗುತ್ತದೆ. ನಿಧಾನವಾಗಿ ನಡೆಯುವವರಿಗೆ ಇದು ಅಪಾಯ.

ಬೆಳಕಿನ ಸೆನ್ಸರಿನದು ಇನ್ನೊಂದು ಪೇಚಾಟ. ಅದು ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತದೆ. "20 ಲಕ್ಸ್‌ಗಿಂತ ಕತ್ತಲಿದ್ದರೆ ಹತ್ತಿಸು, ಜಾಸ್ತಿ ಇದ್ದರೆ ಆರಿಸು" ಅಂತ ಬರೆದರೆ ದೀಪ ಹತ್ತುತ್ತದೆ, ಆ ಬೆಳಕನ್ನೇ ಸೆನ್ಸರ್ ನೋಡುತ್ತದೆ, ದೀಪ ಆರುತ್ತದೆ, ಮತ್ತೆ ಕತ್ತಲು, ಮತ್ತೆ ಹತ್ತುತ್ತದೆ. ಲಕ್ಸ್ ಅನ್ನು ಹತ್ತಿಸುವಾಗ ಮಾತ್ರ ನೋಡಬೇಕು. ಆರಿಸುವುದು ಚಲನೆಯ ಮೇಲೆ ಇರಲಿ.

ತಾಪಮಾನ ಒಂದೆರಡು ಡಿಗ್ರಿ ಜಾಸ್ತಿ ತೋರಿಸಿದರೆ ಯುಎಸ್‌ಬಿ ಪವರ್‌ನಲ್ಲಿದೆಯಾ ನೋಡಿ. ಸದಾ ಎಚ್ಚರವಿರುವ ಸೆನ್ಸರ್ ತನ್ನದೇ ಬಿಸಿಯನ್ನೂ ಸೇರಿಸಿ ಹೇಳುತ್ತಿರಬಹುದು. ನಂಬಿಕೆಯ ಥರ್ಮಾಮೀಟರ್ ಪಕ್ಕದಲ್ಲಿಟ್ಟು, ಎರಡರ ವ್ಯತ್ಯಾಸವನ್ನು ಆಫ್‌ಸೆಟ್ (ತಿದ್ದುಪಡಿ) ಸೆಟ್ಟಿಂಗ್‌ನಲ್ಲಿ ಹಾಕಿದರೆ ಆಯಿತು. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿಗೆ ತೇವಾಂಶ ಬಳಸುವುದಾದರೆ ಒಂದೇ ಅಂಕಿ ಕಟ್ಟಬೇಡಿ. ಮಳೆಗಾಲದಲ್ಲಿ ಇಡೀ ಮನೆಯೇ ಆ ಅಂಕಿ ದಾಟಿರುತ್ತದೆ. ಕೆಲವೇ ನಿಮಿಷದಲ್ಲಿ ಎಷ್ಟು ಏರಿತು ಅನ್ನುವುದನ್ನು ನೋಡುವ ನಿಯಮ ವಾಸಿ.

ಬ್ಯಾಟರಿ ಬಗ್ಗೆ ಗಟ್ಟಿಯಾಗಿ ಹೇಳಬೇಕು, ಆ್ಯಪ್ ತೋರಿಸುವ ಶೇಕಡಾವನ್ನು ನಂಬಿ ಕೂರಬೇಡಿ. ಸಿಆರ್2450, ಸಿಆರ್123ಎ ಥರದ 3 ವೋಲ್ಟಿನ ಲಿಥಿಯಂ ಸೆಲ್‌ಗಳು ಆಯುಷ್ಯದ ಬಹುಪಾಲು ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಟ್ಟು, ಕೊನೆಗೆ ಧಡಾರನೆ ಇಳಿಯುತ್ತವೆ. ಮೊನ್ನೆ ತುಂಬಿದ ಹಾಗೆ ಕಂಡದ್ದು ಇವತ್ತು ಸತ್ತಿರಬಹುದು. ಚಳಿ ಇರುವ ಕಡೆ ಇನ್ನೂ ಬೇಗ. ಅದಕ್ಕೇ ನಾನು ಬೇರೆ ಲೆಕ್ಕ ಇಟ್ಟುಕೊಂಡಿದ್ದೇನೆ. ಈ ಸೆನ್ಸರ್‌ಗಳು ಚಲನೆ ಇಲ್ಲದಿದ್ದರೂ ತಾಪಮಾನವನ್ನೋ ತೇವಾಂಶವನ್ನೋ ಆಗಾಗ ಕಳಿಸುತ್ತಲೇ ಇರುತ್ತವೆ. ಪ್ಯಾಸೇಜಿನ ಸೆನ್ಸರಿನಿಂದ 12 ಗಂಟೆ ಯಾವ ಸುದ್ದಿಯೂ ಬರದಿದ್ದರೆ ನನ್ನ ಫೋನಿಗೆ ಸಂದೇಶ ಬರುವ ಹಾಗೆ ಆಟೊಮೇಷನ್ ಮಾಡಿದ್ದೇನೆ. ಬ್ಯಾಟರಿ ಸತ್ತಿರಲಿ, ಸಿಗ್ನಲ್ ತಪ್ಪಿರಲಿ, ಅಂಟು ಬಿಟ್ಟು ಬಿದ್ದು ಒಡೆದಿರಲಿ, ಕಾರಣ ಯಾವುದಾದರೂ ಅದು ಹಿಡಿಯುತ್ತದೆ. ಮನೆಯಲ್ಲಿ ವಯಸ್ಸಾದವರಿಗಾಗಿ ಸೆನ್ಸರ್ ಹಾಕುತ್ತಿದ್ದರೆ ದೀಪದ ಆಟೊಮೇಷನ್ ಬರೆದ ದಿನವೇ ಇದನ್ನೂ ಬರೆದುಬಿಡಿ.