148ನೆಯ ಪುಟದಿಂದ ಶುರುವಾದ ದಿನಚರಿ

ಅಜ್ಜನ ದಿನಚರಿಯ 214 ಪುಟಗಳನ್ನು ಅಕ್ಕ ಸ್ಕ್ಯಾನ್ ಮಾಡಿ ಕೊಟ್ಟಿದ್ದಳು. ಅವನ್ನು ಜೋಡಿಸಿ ಒಂದೇ ಪಿಡಿಎಫ್ ಮಾಡುವುದು ನನ್ನ ಪಾಲಿನ ಕೆಲಸ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು ಎಂದು ಕುಳಿತವನು ಮೂರು ರಾತ್ರಿ ನಿದ್ದೆ ಕೆಟ್ಟೆ.

ಮೊದಲ ಸಲ ಸ್ಕ್ರಿಪ್ಟ್ ಸದ್ದಿಲ್ಲದೆ ಮುಗಿಯಿತು. ದೋಷ ಸಂದೇಶವೂ ಇಲ್ಲ, ಪಿಡಿಎಫೂ ಇಲ್ಲ. ‘ಲಿಸ್ಟ್‌ಡಿರ್’ ಎಂಬ, ಫೋಲ್ಡರಿನಲ್ಲಿ ಏನೇನಿದೆ ಎಂದು ಹೇಳುವ ಪೈಥಾನ್ ಆಜ್ಞೆ ಕೊಡುವುದು ಬರಿಯ ಹೆಸರುಗಳನ್ನು, ಫೋಲ್ಡರಿನ ದಾರಿಯನ್ನಲ್ಲ. ನಾನು ಆ ಹೆಸರನ್ನು ಹಾಗೆಯೇ ‘ಈಸ್‌ಫೈಲ್’ ಮುಂದಿಟ್ಟು ‘ಇದು ಫೈಲ್ ಹೌದೇ?’ ಎಂದು ಕೇಳುತ್ತಿದ್ದೆ. ಅದು ಹುಡುಕಿದ್ದು ನಾನು ನಿಂತಿದ್ದ ಫೋಲ್ಡರಿನಲ್ಲಿ. ಅಲ್ಲಿ ಇಲ್ಲವಲ್ಲ, ಪ್ರತಿ ಸಲವೂ ‘ಅಲ್ಲ’ ಎಂದಿತು. ನೇರವಾಗಿ ತೆರೆಯಲು ಹೋಗಿದ್ದರೆ ಬೈದಾದರೂ ತಿಳಿಸುತ್ತಿತ್ತು. 2015ರಲ್ಲಿ, ಪೈಥಾನ್ 3.5ರ ಜೊತೆ ಬಂದ ‘ಸ್ಕ್ಯಾನ್‌ಡಿರ್’ ಪ್ರತಿ ಫೈಲಿನ ದಾರಿಯನ್ನೂ ಜೊತೆಗೇ ಕೊಡುತ್ತದೆ. ಹಳೆಯ ಅಭ್ಯಾಸ ಬಿಡದ ನನ್ನಂಥವರಿಗೆ ಹೀಗೇ ಆಗಬೇಕು.

ಆಮೇಲೆ ಒಂದರ ಹಿಂದೆ ಹತ್ತು, ಹತ್ತರ ಹಿಂದೆ ನೂರನೆಯ ಪುಟ ಬಂದವು. ಹೆಸರಿನಲ್ಲಿರುವ ಅಂಕಿಯೂ ಅಕ್ಷರವೇ ತಾನೇ. 001, 002 ಎಂದು ಸೊನ್ನೆ ಸೇರಿಸಿ ಹೆಸರು ಬದಲಿಸಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಹೋಯಿತು.

ಅದೇ ಫೋಲ್ಡರು, ಅದೇ ಸ್ಕ್ರಿಪ್ಟ್ ಲಿನಕ್ಸ್ ಯಂತ್ರಕ್ಕೆ ಹೋದಾಗ ದಿನಚರಿ 148ನೆಯ ಪುಟದಿಂದ ಶುರುವಾಯಿತು. ಅಜ್ಜ ಮೊದಲು ನಿವೃತ್ತರಾಗಿ ಆಮೇಲೆ ಕೆಲಸಕ್ಕೆ ಸೇರಿದ್ದರು. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಹೆಸರುಗಳನ್ನು ಅಕಾರಾದಿಯಾಗಿಯೇ ಇಟ್ಟುಕೊಳ್ಳುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಸಾಮಾನ್ಯವಾಗಿ ಹೆಸರಿನಿಂದ ಲೆಕ್ಕಹಾಕಿದ ಒಂದು ಸಂಖ್ಯೆಯ ಕ್ರಮದಲ್ಲಿ ಕೊಡುತ್ತದೆ. ‘ಲಿಸ್ಟ್‌ಡಿರ್’ ಕೊಡುವ ಪಟ್ಟಿಗೆ ನಿಶ್ಚಿತ ಕ್ರಮವಿಲ್ಲವೆಂದು ಪೈಥಾನ್ ಕೈಪಿಡಿ ಮೊದಲಿನಿಂದಲೂ ಹೇಳುತ್ತಲೇ ಇದೆ. ಓದಿದವರು ಯಾರು?

ಓದದವರು ನಾನೊಬ್ಬನೇ ಅಲ್ಲ ಎಂಬುದು ಸಮಾಧಾನ. 2014ರಲ್ಲಿ ‘ನೇಚರ್ ಪ್ರೋಟೋಕಾಲ್ಸ್’ ಪತ್ರಿಕೆಯ ಲೇಖನವೊಂದರ ಜೊತೆ ಬಂದ ಪೈಥಾನ್ ಸ್ಕ್ರಿಪ್ಟುಗಳನ್ನು ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದರೆ, ಒಂದೇ ದತ್ತಾಂಶಕ್ಕೆ ಒಂದು ಕಂಪ್ಯೂಟರಿನಲ್ಲಿ 173.2, ಇನ್ನೊಂದರಲ್ಲಿ 172.4 ಎಂಬ ಉತ್ತರ. ಹೆಸರಿನ ಮಾದರಿ ಕೊಟ್ಟರೆ ಅದಕ್ಕೆ ಹೊಂದುವ ಫೈಲುಗಳನ್ನು ಹುಡುಕುವ ‘ಗ್ಲಾಬ್’ ಕೊಟ್ಟ ಫೈಲುಗಳು ಕ್ರಮವಾಗಿಯೇ ಇರುತ್ತವೆಂದು ಸ್ಕ್ರಿಪ್ಟ್ ನಂಬಿತ್ತು. ಅದಕ್ಕೆ ಮದ್ದು, ಪಟ್ಟಿಯನ್ನು ವಿಂಗಡಿಸುವ ಒಂದು ಸಾಲು. ನನ್ನದಕ್ಕೂ ಅದೇ: ಪಟ್ಟಿಯನ್ನು ‘ಸಾರ್ಟೆಡ್’ ಎಂಬುದರೊಳಗೆ ಹಾಕಿದೆ, ಅಜ್ಜನಿಗೆ ಯೌವನ ಮರಳಿತು.

ಅಷ್ಟರಲ್ಲಿ ಅಕ್ಕ 73ನೆಯ ಪುಟ ಮಸುಕಾಗಿದೆ ಎಂದು ಮತ್ತೆ ಸ್ಕ್ಯಾನ್ ಮಾಡಿ, ಹಳೆಯದನ್ನು ಅಳಿಸಿ, ಇಡೀ ಫೋಲ್ಡರನ್ನು ತನ್ನ ಮ್ಯಾಕ್‌ನಿಂದ ಕಳಿಸಿದಳು. ಸ್ಕ್ರಿಪ್ಟ್ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಚುಕ್ಕಿಯಿಂದ ಶುರುವಾಗುವ ‘ಡಿಎಸ್ ಸ್ಟೋರ್’ ಎಂಬ ಅಡಗಿದ ಫೈಲನ್ನು ಮ್ಯಾಕ್ ಸೇರಿಸಿತ್ತು. ನಾನು ಹೆಮ್ಮೆಯಿಂದ ಹಾಕಿದ ವಿಂಗಡಣೆ ಅದನ್ನೇ ತಂದು ಪಟ್ಟಿಯ ತಲೆಯ ಮೇಲೆ ಕೂರಿಸಿತ್ತು. ಸರಿ, ‘ಲಿಸ್ಟ್‌ಡಿರ್’ ಬಿಟ್ಟು, ಜೆಪಿಜಿ ಎಂದು ಕೊನೆಯಾಗುವ ಹೆಸರುಗಳನ್ನಷ್ಟೇ ‘ಗ್ಲಾಬ್’ ಮೂಲಕ ಕೇಳಿದೆ. ಈಗ 213 ಪುಟ.

ಕಾಣೆಯಾದದ್ದು ಅದೇ 73. ಹೊಸ ಸ್ಕ್ಯಾನಿನಲ್ಲಿ ಜೆಪಿಜಿ ಎಂಬುದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿತ್ತು, ಲಿನಕ್ಸ್‌ಗೆ ಅದು ಬೇರೆಯೇ ಹೆಸರು.